ತಮ್ಮಲೆಗೆ ಮೊದಲ ಎಲೆ

ನನ್ನ ಬಾಯಿ ಕೆಟ್ಟದ್ದು. ಇದನ್ನು ನಾನು ಹೇಳುವ ಮೊದಲೇ ನನ್ನ ಹೆಂಡತಿ ಹೇಳಿಯಾಗಿದೆ, ಅಕ್ಕ ಹೇಳಿಯಾಗಿದೆ, ಬಲ್ಮಠದ ಶಾಲೆಯಲ್ಲಿ ನನ್ನಿಂದ ಕನ್ನಡ ಕಲಿತ ಮಕ್ಕಳು ಬೆನ್ನ ಹಿಂದೆ ಹೇಳಿಯಾಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ನನಗೆ ನಾನೇ ಒಂದು ಬಿರುದು ಕೊಟ್ಟುಕೊಂಡಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮಂಗಳೂರಿನ ಫಳ್ನೀರಿನ ಒಂದು ಹಂಚಿನ ಬಾಡಿಗೆ ಮನೆಯಲ್ಲಿ, ಈ ಬಿರುದಿನ ದೆಸೆಯಿಂದ ನನ್ನ ಅಮ್ಮ ಊಟವಿಲ್ಲದೆ ಸಾಯುವುದರಲ್ಲಿದ್ದರು. ಅವರನ್ನು ಉಳಿಸಿದವಳು ನನ್ನ ಹೆಂಡತಿ. ಇದನ್ನು ಬರೆಯುತ್ತೇನೆ ಎಂದಾಗಲೆಲ್ಲ ಅವಳು ಬೇಡ ಎಂದಿದ್ದಾಳೆ. ಈಗ ಅವಳನ್ನು ಕೇಳದೆ ಬರೆಯುತ್ತಿದ್ದೇನೆ.

ನಮ್ಮದು ತುಳು ಮಾತಾಡುವ ಮನೆ. ಹಳ್ಳಿಯಲ್ಲಿ ಗದ್ದೆಗಳಿದ್ದವು, ಗದ್ದೆಗಳಿಗೆ ಗೇಣಿದಾರರಿದ್ದರು, ಎಲ್ಲರ ಮೇಲೆ ನನ್ನ ಅಮ್ಮನ ಅಣ್ಣ ಇದ್ದರು. ಸೋದರಮಾವನನ್ನು ನಾವು ತಮ್ಮಲೆ ಎನ್ನುತ್ತೇವೆ. ನಮ್ಮಲ್ಲಿ ಕುಟುಂಬ ತಾಯಿಯ ಕಡೆಯಿಂದ ಇಳಿದು ಬರುವುದರಿಂದ ಮನೆಯ ಯಜಮಾನಿಕೆ ಅಪ್ಪನದ್ದಲ್ಲ, ತಮ್ಮಲೆಯದ್ದು. ಅಪ್ಪ ಆ ಮನೆಗೆ ಬಂದು ಹೋಗುವ ಮರ್ಯಾದೆಯ ನೆಂಟ. ಅಮ್ಮ ಅಣ್ಣನ ಅಡುಗೆಮನೆಯ ಒಡತಿ. ಕೊಯ್ಲಿನ ದಿನಗಳಲ್ಲಿ ಎರಡು ಹೊತ್ತು ಮೂವತ್ತು ನಲವತ್ತು ಎಲೆ ಬೀಳುತ್ತಿದ್ದ ಮನೆ ಅದು. ಅಷ್ಟು ಜನಕ್ಕೆ ಬಡಿಸಿದರೂ ಅಮ್ಮ ತಾನು ಉಣ್ಣುತ್ತಿದ್ದದ್ದು ಅಣ್ಣ ಉಂಡು ಕೈ ತೊಳೆದ ಮೇಲೆಯೇ. ಕೋರ್ಟಿನ ಕೆಲಸಕ್ಕೆ ಮಂಗಳೂರಿಗೆ ಹೋದ ತಮ್ಮಲೆ ಸಂಜೆ ಬಂದರೆ ಅಮ್ಮನ ಮಧ್ಯಾಹ್ನದ ಊಟ ಸಂಜೆಗೆ. ಹಾಗೆ ಮಾಡು ಎಂದು ಯಾರೂ ಅವರಿಗೆ ಹೇಳಿದ್ದಲ್ಲ. ಅವರಿಗೆ ಅದು ಮುಖ ತೊಳೆದ ಹಾಗೆ ಒಂದು ಅಭ್ಯಾಸ.

ನನಗೂ ತಮ್ಮಲೆಗೂ ಆಗುತ್ತಿರಲಿಲ್ಲ. ನಾನು ಕಾಲೇಜಿಗೆ ಹೋಗುತ್ತೇನೆ ಎಂದೆ, ಅವರು ಗದ್ದೆ ನೋಡು ಎಂದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವರು ಚಾವಡಿಯಲ್ಲಿ ನಾಲ್ಕು ಜನರ ಎದುರು, ನಾನು ಸತ್ತರೆ ನೀನು ನನಗೆ ಎಲೆ ಹಾಕುವುದು ಬೇಡ ಎಂದರು. ಹಾಕುವುದೂ ಇಲ್ಲ ಎಂದು ನಾನು ಹೇಳಿದೆ. ನಮ್ಮ ಕಡೆಯವರಿಗೆ ಈ ಮಾತಿನ ಭಾರ ಗೊತ್ತು. ವರ್ಷಕ್ಕೆ ಒಂದೆರಡು ಸಲ, ಮಳೆಗಾಲದ ಆಟಿ ತಿಂಗಳಲ್ಲಿ, ನವರಾತ್ರಿಯ ಮಾರ್ನೆಮಿಗೆ, ತೀರಿಹೋದವರನ್ನು ಊಟಕ್ಕೆ ಕರೆದು ಎಲೆ ಹಾಕಿ ಬಡಿಸುತ್ತೇವೆ. ತಮ್ಮಲೆಗೆ ಬಡಿಸಬೇಕಾದವನು ಸೋದರಳಿಯ. ಬಡಿಸುವುದಿಲ್ಲ ಎಂದು ಅಳಿಯನೇ ಹೇಳಿದರೆ ಅದು ಬದುಕಿರುವಾಗಲೇ ಬಾಯಿಗೆ ಮಣ್ಣು ಹಾಕಿದ ಹಾಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಭೂಮಿ ಉಳುವವರ ಹೆಸರಿಗೆ ಆಯಿತು, ತಮ್ಮಲೆ ಹಾಸಿಗೆ ಹಿಡಿದರು, ತೀರಿಕೊಂಡರು. ಬೊಜ್ಜದ ದಿನ, ಅಂದರೆ ಸೂತಕ ಕಳೆಯುವ ಊಟದ ದಿನ, ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ.

ಅಮ್ಮ ನಮ್ಮ ಜೊತೆ ಇರಲಿಕ್ಕೆ ಬಂದದ್ದು ಅದಾದ ಮೇಲೆ. ಕ್ರಮದ ಪ್ರಕಾರ ಅವರು ಮಗಳ ಮನೆಯಲ್ಲಿರಬೇಕು. ಆದರೆ ಅಕ್ಕನದ್ದು ಸುರತ್ಕಲ್ಲಿನಲ್ಲಿ ಭಾವನ ಕೆಲಸಕ್ಕೆ ಸಿಕ್ಕಿದ ಎರಡು ಕೋಣೆಯ ಕ್ವಾರ್ಟರ್ಸ್, ಅದರಲ್ಲಿ ಆರು ಜನ. ಮಗನ ಮನೆ ಎಂದರೆ ಸೊಸೆಯ ಮನೆ, ನಾನು ಇಲ್ಲಿ ನೆಂಟಳು ಎಂದು ಅಮ್ಮ ಮೊದಲ ದಿನವೇ ಹೇಳಿದರು. ನನ್ನ ಹೆಂಡತಿ ಸಣ್ಣ ಬೇಸಾಯದ ಮನೆಯವಳು. ಅವಳ ಅಡುಗೆಯಲ್ಲಿ ಹುಳಿ ಹೆಚ್ಚು, ಅವಳು ತೆಂಗಿನಕಾಯಿ ತುರಿಯುವ ಕೈ ಸರಿಯಿಲ್ಲ, ಅವಳ ಊರಿನ ಮೀನು ಸಾರು ಸಾರೇ ಅಲ್ಲ. ಅಮ್ಮ ಎಲ್ಲವನ್ನೂ ಮೆಲ್ಲಗೆ, ಗೌರವದಿಂದ ಹೇಳುತ್ತಿದ್ದರು. ಹೆಂಡತಿ ಕೇಳಿಸಿಕೊಂಡು ಮರುದಿನವೂ ತನ್ನ ಕ್ರಮದಲ್ಲೇ ಸಾರು ಮಾಡುತ್ತಿದ್ದಳು. ಇಬ್ಬರೂ ಒಳ್ಳೆಯ ಜಟ್ಟಿಗಳು.

ಮರೆವು ಹೇಗೆ ಶುರುವಾಯಿತು ಎಂದು ಹೇಳಲಿಕ್ಕೆ ಬರುವುದಿಲ್ಲ. ಮೊದಲು ಒಲೆಯ ಮೇಲೆ ಹಾಲು ಇಟ್ಟು ಮರೆತರು, ಆಮೇಲೆ ಹಾಲು ಎಂತದು ಎಂದೇ ಕೇಳಿದರು. ಅರವತ್ತಕ್ಕೆ ಅರಳುಮರಳು ಎಂದು ನೆರೆಯವರು ಹೇಳಿ ಹೋದರು. ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಸೊಸೆ ಯಾರು ಎಂಬುದು ಅವರ ತಲೆಯಿಂದ ಪೂರ್ತಿ ಹೋಯಿತು. ಮನೆಕೆಲಸಕ್ಕೆ ಬಂದ ಹುಡುಗಿ ಎಂದು ತಿಳಿದು, ಚೆನ್ನಾಗಿ ಗುಡಿಸು ಎಂದು ಬುದ್ಧಿ ಹೇಳುತ್ತಿದ್ದರು. ಹೆಂಡತಿ ನಗುತ್ತಾ, ಸಂಬಳ ಎಷ್ಟು ಕೊಡ್ತೀರಿ ಮಾಮಿ ಎಂದು ಕೇಳುವಳು. ನೋಡುವ, ಮೊದಲು ಕೆಲಸ ಕಲಿ ಎಂದು ಅಮ್ಮ ಹೇಳುವರು. ಅವಳಿಗೆ ಬೇಸರ ಆಗಲಿಲ್ಲವೇ ಎಂದು ನಾನು ಕೇಳಿದ್ದುಂಟು. ಮೊದಲು ಸೊಸೆ ಎಂದು ಬೈತಿದ್ರು, ಈಗ ಕೆಲಸದವಳು ಎಂದು ಕಲಿಸ್ತಾರೆ, ಇದೇ ಒಳ್ಳೆದು ಎಂದಳು.

ಅಷ್ಟಕ್ಕೇ ನಿಂತಿದ್ದರೆ ಸಾಗುತ್ತಿತ್ತು. ಮಂಡೆಬೆಚ್ಚ, ಅಂದರೆ ತಲೆಬಿಸಿ, ಶುರುವಾದದ್ದು ಮಧ್ಯಾಹ್ನದ ಊಟದಲ್ಲಿ. ಅಡುಗೆಯ ಪರಿಮಳ ಬರುತ್ತಿದ್ದ ಹಾಗೆ ಅಮ್ಮ ಜಗಲಿಯ ಬಾಗಿಲಿಗೆ ಬಂದು ದಾರಿ ನೋಡುತ್ತಿದ್ದರು. ಆಮೇಲೆ ಒಳಗೆ ಬಂದು ಕೇಳುತ್ತಿದ್ದರು.

"ಅಣ್ಣೆರೆ ವಣಸ್ ಆಂಡಾ?"

ಅಣ್ಣನ ಊಟ ಆಯಿತಾ ಎಂದು. ಎಷ್ಟು ಹಸಿದಿದ್ದರೂ ಅಣ್ಣನ ಊಟ ಆಗದೆ ಅವರು ಎಲೆಯ ಮುಂದೆ ಕೂರುವವರಲ್ಲ. ಬೆಳಗ್ಗೆ ಒಂದು ದೋಸೆ, ಒಂದು ಲೋಟ ಕಾಫಿ ಸುಮ್ಮನೆ ತೆಗೆದುಕೊಳ್ಳುತ್ತಿದ್ದರು, ಅದಕ್ಕೆ ಅಣ್ಣನ ಅಪ್ಪಣೆ ಬೇಕಿರಲಿಲ್ಲ. ಸಂಜೆ ದೀಪ ಹಚ್ಚುವ ಮೊದಲೇ ಮಲಗುತ್ತಿದ್ದರು. ಮಧ್ಯಾಹ್ನದ ಊಟ ತಪ್ಪಿದರೆ ದಿನದ ಊಟವೇ ತಪ್ಪಿತು.

ಮೊದಲ ಸಲ ಕೇಳಿದಾಗ ನಾನು ಮನೆಯಲ್ಲಿದ್ದೆ. ಶಾಲೆಯಿಂದ ಊಟಕ್ಕೆ ನಡೆದು ಬಂದಿದ್ದೆ, ಹೊಟ್ಟೆ ಹಸಿದಿತ್ತು, ಮೊದಲ ತುತ್ತು ಕೈಯಲ್ಲಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಅವರು ತೀರಿಹೋಗಿ ಆರು ವರ್ಷ ಆಯ್ತಮ್ಮ ಎಂದೆ. ಹೇಳುವಾಗ ಒಳಗೆಲ್ಲೋ ಒಂದು ಸಣ್ಣ ಖುಷಿಯೂ ಆಯಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಇನ್ನೂ ಆ ಮನುಷ್ಯನ ಅಪ್ಪಣೆ ಕಾಯುತ್ತಾರಲ್ಲ ಎಂದು ನನಗೆ ಸಿಟ್ಟು.

ಅಮ್ಮ ಅಲ್ಲೇ ಕುಸಿದರು. ಅವರಿಗೆ ಅದು ಆ ಕ್ಷಣ ಬಂದ ಸಾವಿನ ಸುದ್ದಿ. ಎದೆ ಬಡಿದುಕೊಂಡು ಅತ್ತರು. ಆಮೇಲೆ ಎದ್ದು, ಹೆಣ ಮನೆಯಲ್ಲಿರುವಾಗ ಒಲೆ ಉರಿಸುತ್ತೀರಾ ಎಂದು ಒಲೆಗೆ ತಂಬಿಗೆಯ ನೀರು ಎರಚಿದರು. ಬಾವಿಕಟ್ಟೆಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡರು. ಹಸಿ ಸೀರೆಯಲ್ಲಿ ಜಗಲಿಯ ಮೂಲೆಗೆ ಬಂದು ಕೂತರು. ಸೂತಕ ಎಂದು ಯಾರನ್ನೂ ಮುಟ್ಟಲು ಬಿಡಲಿಲ್ಲ. ಗಂಜಿ ತಂದಿಟ್ಟರೆ ಮುಖ ತಿರುಗಿಸಿದರು. ಮರುದಿನ ಬೆಳಗ್ಗೆ ಎಲ್ಲ ಮರೆತು ದೋಸೆ ತಿಂದರು. ಮಧ್ಯಾಹ್ನ ಮತ್ತೆ ಅದೇ ಪ್ರಶ್ನೆ.

ನಾನು ಮತ್ತೆ ಅದೇ ಉತ್ತರ ಕೊಟ್ಟೆ. ನಾಲ್ಕು ಸಲ ಹೇಳಿದರೆ ತಲೆಗೆ ಹೋದೀತು ಎಂದು ನನ್ನ ಮೇಷ್ಟ್ರ ಬುದ್ಧಿ. ಒಂದೇ ವಾರದಲ್ಲಿ ಅಮ್ಮ ತನ್ನ ಅಣ್ಣನನ್ನು ಐದು ಸಲ ಕಳೆದುಕೊಂಡರು. ಐದನೆಯ ಸಲ ಅವರಿಗೆ ಜ್ವರ ಬಂತು. ಆವತ್ತು ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು, ನಿಮ್ಮ ಸತ್ಯ ಶಾಲೆಯಲ್ಲಿ ಇಟ್ಟು ಬನ್ನಿ ಎಂದಳು. ಅಷ್ಟು ತಣ್ಣಗೆ ಅವಳು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಭಾನುವಾರ ಬಂದ ಅಕ್ಕ ಬೇರೆ ದಾರಿ ಹೇಳಿಕೊಟ್ಟಳು. ಅಣ್ಣ ಕೋರ್ಟಿಗೆ ಹೋಗಿದ್ದಾರೆ, ಬರುವಾಗ ತಡ ಆಗ್ತದೆ ಎಂದು ಹೇಳಿ ಎಂದಳು. ಹೇಳಿದೆವು. ಅಮ್ಮನಿಗೆ ತುಂಬ ಸಮಾಧಾನವಾಯಿತು. ಹಾಗಾದರೆ ಕಾಯುವ ಎಂದು ಜಗಲಿಯಲ್ಲಿ ಕೂತರು. ಕತ್ತಲಾಗುವವರೆಗೂ ಕೂತರು. ಅತ್ತ ದರಿ ಇತ್ತ ಪುಲಿ. ಸತ್ಯ ಹೇಳಿದರೆ ಸೂತಕದ ಉಪವಾಸ, ಸುಳ್ಳು ಹೇಳಿದರೆ ಕಾಯುವ ಉಪವಾಸ. ಅಮ್ಮನ ಕೈಯ ಬಳೆಗಳು ಮೊಣಕೈಯವರೆಗೆ ಸರಿಯತೊಡಗಿದವು.

ಫಳ್ನೀರಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಘಟ್ಟದ ಮೇಲಿನವರು, ಹೊಸದಾಗಿ ಬಂದವರು, ಪ್ರಾಯ ಸಣ್ಣದು. ಅಮ್ಮನಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಇದು ಯಾವ ತಿಂಗಳು ಅಜ್ಜಿ ಎಂದು ಅವರು ಕೇಳಿದರು. ಅಮ್ಮ, ಆಟಿ ಎಂದರು. ಡಾಕ್ಟರು ತಪ್ಪು ಎಂದು ಗುರುತು ಹಾಕಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಧೋ ಎಂದು ಮಳೆ ಹೊಯ್ಯುತ್ತಿದೆ, ಆಟಿ ಅಲ್ಲದೆ ಮತ್ತೆಂತ? ನಮ್ಮ ತಿಂಗಳುಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ ಸ್ವಾಮೀ, ಅವರು ಸರಿಯಾಗಿಯೇ ಹೇಳಿದ್ದು ಎಂದೆ. ಒಳ್ಳೆಯ ಮನುಷ್ಯ, ನಾಚಿಕೊಂಡು ಗುರುತು ಅಳಿಸಿದರು. ಆದರೆ ಉಳಿದದ್ದೆಲ್ಲ ತಪ್ಪೇ ಆಯಿತು. ತೂಕ ನೋಡಿದರು. ಇನ್ನು ಒಂದು ತಿಂಗಳು ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ, ಕಿತ್ತುಹಾಕದ ಹಾಗೆ ಕೈ ಕಟ್ಟಬೇಕಾಗುತ್ತದೆ ಎಂದರು. ನಲವತ್ತು ಎಲೆಗೆ ಬಡಿಸಿದ ಕೈ.

ಆಟಿಯ ಅಮಾವಾಸ್ಯೆಗೆ ಅಕ್ಕನ ಮನೆಯಲ್ಲಿ ತೀರಿಹೋದವರಿಗೆ ಬಡಿಸುವುದಿತ್ತು. ಅಮ್ಮನನ್ನೂ ಕರೆದುಕೊಂಡು ಸುರತ್ಕಲ್ಲಿಗೆ ಬಸ್ಸಿನಲ್ಲಿ ಹೋದೆವು. ಒಳಕೋಣೆಯಲ್ಲಿ ಅಕ್ಕ ಎಲೆಗಳನ್ನು ಸಾಲಾಗಿ ಹಾಕಿ, ಅನ್ನ, ಕೋಳಿ ಸಾರು, ಪತ್ರೊಡೆ ಬಡಿಸಿ, ಒಬ್ಬೊಬ್ಬರನ್ನೇ ಸಂಬಂಧ ಹೇಳಿ ಕರೆದಳು. ತಮ್ಮಲೆಯ ಎಲೆ ಹಾಕುವಾಗ ನಾನು ಅಂಗಳಕ್ಕೆ ಹೋಗಿ ಎಲೆ ಅಡಿಕೆ ಹಾಕಿಕೊಂಡು ನಿಂತೆ. ಬಾಗಿಲು ಎಳೆದು ಎಲ್ಲರೂ ಹೊರಗೆ ಬಂದು ಕೂತರು. ಬಂದವರು ನೆಮ್ಮದಿಯಿಂದ ಉಣ್ಣಬೇಕು, ನಾವು ನೋಡಬಾರದು, ಗದ್ದಲ ಮಾಡಬಾರದು, ಅಳಲೂಬಾರದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಸೂಚನೆ ಕೊಟ್ಟು ತೆರೆಯುವುದು. ಆಮೇಲೆ ಅದೇ ಅನ್ನವನ್ನು ಮನೆಯವರು ಉಣ್ಣುವುದು. ಇದು ನಮ್ಮ ಕ್ರಮ. ಹುಟ್ಟಿದಾಗಿನಿಂದ ನೋಡಿದ್ದರಿಂದ ನನಗೆ ಇದರಲ್ಲಿ ವಿಶೇಷ ಏನೂ ಕಾಣಿಸಲಿಲ್ಲ. ಕಂಡದ್ದು ನನ್ನ ಹೆಂಡತಿಗೆ.

ಹಿಂದೆ ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಹೆಂಡತಿ ನನ್ನ ತೋಳು ತಟ್ಟಿದಳು.

"ಮಾಮಿ ಉಂಡದ್ದು ನೋಡಿದ್ರಾ?"

ನಾನು ನೋಡಿರಲಿಲ್ಲ. ಎರಡು ಸಲ ಅನ್ನ ಹಾಕಿಸಿಕೊಂಡರು, ಅಣ್ಣನ ಬಗ್ಗೆ ಒಂದು ಮಾತೂ ಕೇಳಲಿಲ್ಲ ಎಂದಳು. ಬಾಗಿಲು ಮುಚ್ಚಿದ್ದಷ್ಟು ಹೊತ್ತು ಸೆರಗು ಹೊದ್ದು ಸುಮ್ಮನೆ ಕೂತಿದ್ದರಂತೆ. ಬಾಗಿಲು ತೆರೆದ ಕೂಡಲೇ ತಾವಾಗಿ ಎದ್ದು ಹೋಗಿ ಎಲೆಯ ಮುಂದೆ ಕೂತರಂತೆ. ಸೀಟಿನಲ್ಲಿ ನನ್ನ ಕಡೆ ತಿರುಗಿ ಕೂತು ಅವಳು ತನ್ನ ಯೋಚನೆ ಹೇಳಿದಳು. ನಾಳೆಯಿಂದ ದಿನಾ ಮಧ್ಯಾಹ್ನ ನಮ್ಮ ಮನೆಯಲ್ಲಿ ತಮ್ಮಲೆಗೆ ಎಲೆ ಹಾಕುವುದು. ಹಾಕುವವನು ನಾನು.

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ನಾಟಕ ಮಾಡಿ ಅಮ್ಮನಿಗೆ ಮೋಸ ಮಾಡುವುದಾ ಎಂದೆ.

"ಸುಳ್ಳು ಎಲ್ಲಿ ಉಂಟು, ಹೇಳಿ ನೋಡುವ. ಬದುಕಿದ್ದರೆ ಊಟ, ಸತ್ತಿದ್ದರೂ ಊಟ. ಎಲೆ ಒಂದೇ ಅಲ್ವಾ?"

ಬೇಕಾದರೆ ನೀನೇ ಹಾಕು ಎಂದೆ. ಅವಳು ಬೇರೆ ಬರಿಯವಳು. ಬರಿ ಎಂದರೆ ತಾಯಿಯಿಂದ ಬರುವ ಕುಲ. ಒಂದು ಬರಿಯ ಸತ್ತವರನ್ನು ಇನ್ನೊಂದು ಬರಿಯವರು ಕರೆಯುವ ಕ್ರಮ ನಮ್ಮಲ್ಲಿಲ್ಲ, ಅದನ್ನು ಅವಳು ನನಗೆ ನೆನಪಿಸಿದಳು. ನಾನು ಮಾತು ಆಡಿಬಿಟ್ಟಿದ್ದೇನೆ, ಅವರ ಎದುರೇ ಆಡಿದ್ದೇನೆ ಎಂದೆ.

"ಹಾಗಾದ್ರೆ ಮಾತು ಹಿಡ್ಕೊಂಡು ಕೂತ್ಕೊಳ್ಳಿ. ಮಾಮಿ ಹೋದ ಮೇಲೆ ಅವರಿಗಾದರೂ ಎಲೆ ಹಾಕ್ತೀರಲ್ಲ?"

ಇಷ್ಟು ಹೇಳಿ ಅವಳು ಮುಂದೆ ತಿರುಗಿ ಕೂತಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಬಸ್ಸು ಮಂಗಳೂರು ಮುಟ್ಟುವವರೆಗೂ ನಾನು ನಿದ್ದೆ ಹೋದ ಅಮ್ಮನ ಕೈಯ ಬಳೆಗಳನ್ನೇ ನೋಡುತ್ತಿದ್ದೆ.

ಮರುದಿನ ಊಟದ ಬೆಲ್ಲಿಗೆ ಶಾಲೆಯಿಂದ ಹೊರಟೆ. ಮನೆಗೆ ಬಂದು ಕಾಲು ತೊಳೆದೆ. ನಡುಕೋಣೆಯನ್ನು ಹೆಂಡತಿ ಸಾರಿಸಿಟ್ಟಿದ್ದಳು. ಕುಡಿ ಬಾಳೆ ಎಲೆ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಬಸಳೆ, ಒಂದು ತುಂಡು ಉಪ್ಪಿನಕಾಯಿ. ಎಲ್ಲ ಬಡಿಸಿಯಾಯಿತು, ಕರೆಯುವುದು ಉಳಿಯಿತು. ಆ ಚಾವಡಿ, ಆ ನಾಲ್ಕು ಜನ, ನಾನು ಹೇಳಿದ ಮಾತು ಎಲ್ಲ ಕಣ್ಣ ಮುಂದೆ ಬಂತು. ಬಾಗಿಲ ಹೊರಗೆ ಅಮ್ಮ ಕೇಳುತ್ತಿದ್ದರು, ಅಣ್ಣೆರೆ ವಣಸ್ ಆಂಡಾ, ಅಣ್ಣೆರೆ ವಣಸ್ ಆಂಡಾ ಎಂದು. ನಾನು ತಲೆ ತಗ್ಗಿಸಿ, ತಮ್ಮಲೆ, ಬಂದು ಊಟ ಮಾಡಿ ಎಂದೆ. ಅಳಬಾರದು ಎಂಬ ಕ್ರಮವನ್ನು ನಾನು ಮುರಿದೆ. ಬಾಗಿಲು ಮುಚ್ಚಿಕೊಂಡು ಹೊರಗೆ ಬಂದೆ.

ಮೂವರೂ ಜಗಲಿಯಲ್ಲಿ ಕೂತೆವು. ಒಳಗೆ ಎಲೆ ಹಾಕಿಯಾಗಿದೆ ಮಾಮಿ ಎಂದು ಹೆಂಡತಿ ಹೇಳಿದಳು. ಅಮ್ಮ ಮುಚ್ಚಿದ ಬಾಗಿಲನ್ನು ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಪ್ರಶ್ನೆ ನಿಂತಿತು. ರಸ್ತೆಯಲ್ಲಿ ಮೀನಿನವಳು ಕೂಗಿಕೊಂಡು ಹೋದಳು, ಅಮ್ಮ ಅವಳಿಗೆ ಸದ್ದು ಮಾಡಬೇಡ ಎಂದು ಕೈಸನ್ನೆ ಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ನಾನು ಬಾಗಿಲು ತಟ್ಟಿ ತೆರೆದೆ. ಎಲೆಯಲ್ಲಿ ಅನ್ನ ಹಾಕಿದ ಹಾಗೆಯೇ ಇತ್ತು. ಈಗ ಕೇಳುತ್ತಾರೆ, ಅಣ್ಣ ಎಲ್ಲಿ, ಅನ್ನ ಹಾಗೇ ಉಂಟಲ್ಲ ಎಂದು ಕೇಳುತ್ತಾರೆ ಎಂದುಕೊಂಡೆ.

"ಅಣ್ಣೆರೆ ವಣಸ್ ಆಂಡ್," ಎಂದರು ಅಮ್ಮ. ಅಣ್ಣನ ಊಟ ಆಯಿತು. ಹೋಗಿ ಅದೇ ಎಲೆಯ ಮುಂದೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಉಂಡರು.

ಅಣ್ಣ ಸತ್ತಿದ್ದಾರೆ ಎಂದು ಅವರಿಗೆ ಗೊತ್ತಿತ್ತೋ, ಬದುಕಿದ್ದಾರೆ ಎಂದು ತಿಳಿದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ತಲೆಯಿಂದ ಎಲ್ಲ ಹೋದ ಮೇಲೂ ಬಾಗಿಲು ಮುಚ್ಚುವುದು, ಕಾಯುವುದು, ತೆರೆದ ಮೇಲೆ ಉಣ್ಣುವುದು ಅವರ ಮೈಯಲ್ಲಿ ಉಳಿದಿತ್ತು. ಅದನ್ನು ಕಂಡುಹಿಡಿದವಳು ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನ ಹೆಂಡತಿ. ನಾನು ಎಂ.ಎ. ಮಾಡಿದವನು, ಅವಳ ಎದುರು ಬಾಯಿ ಮುಚ್ಚಿ ಕೂತೆ.

ವಿಷಯ ಕೇಳಿ ಅಕ್ಕ ಮುಂದಿನ ಭಾನುವಾರ ಸಿಟ್ಟಿನಲ್ಲೇ ಬಂದಳು. ಸತ್ತವರನ್ನು ಕರೆಯಲಿಕ್ಕೆ ದಿನ ಉಂಟು, ವಾರ ಉಂಟು, ದಿನಾ ಕರೆಯುವುದು ಎಲ್ಲಿಯ ಕ್ರಮ ಎಂದಳು. ಅದೂ ಬಾಡಿಗೆ ಮನೆಗೆ. ನಮ್ಮ ಕುಟುಂಬದ ಕ್ರಮ ಹೇಳಲಿಕ್ಕೆ ಬೇರೆ ಬರಿಯವಳಿಗೆ ಎಂತ ಅಧಿಕಾರ ಎಂಬ ಮಾತೂ ಬಂತು. ಕೊನೆಗೆ ಅವಳಿಗೆ ನಿಜವಾಗಿ ಹೆದರಿಕೆ ಇದ್ದದ್ದನ್ನು ಹೇಳಿದಳು. ಕರೆದವರು ಹೋಗದೆ ಇಲ್ಲೇ ಕೂತರೆ ಏನು ಮಾಡುತ್ತೀರಿ ಎಂದಳು.

"ಇರುವುದಾದರೆ ಇರಲಿ ಅಕ್ಕ," ಎಂದಳು ಹೆಂಡತಿ. "ಅನ್ನ ಉಂಟಲ್ಲ."

ಅಕ್ಕ ಮುಖ ಉಬ್ಬಿಸಿಕೊಂಡು ಕಾಫಿ ಕುಡಿಯದೆ ಹೋದಳು. ನಾವು ನಿಲ್ಲಿಸಲಿಲ್ಲ. ಆಟಿ ಕಳೆಯಿತು, ಸೋಣ ಕಳೆಯಿತು. ಅಮ್ಮನ ಬಳೆಗಳು ಮಣಿಕಟ್ಟಿಗೆ ಇಳಿದವು. ಡಾಕ್ಟರು ಅವರನ್ನು ತಕ್ಕಡಿಯಿಂದ ಇಳಿಸಿ ಮತ್ತೊಮ್ಮೆ ಹತ್ತಿಸಿ ನೋಡಿದರು, ಯಾವ ಟಾನಿಕ್ ಕೊಟ್ಟಿರಿ ಎಂದು ಕೇಳಿದರು. ನಾನು ನಡೆದದ್ದು ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು ನನ್ನ ಹೆಂಡತಿಯನ್ನು ಒಮ್ಮೆ ನೋಡಿದರು. ಆಮೇಲೆ ಒಂದು ಕಾಗದ ಮುಂದೆ ಸರಿಸಿ, ನಿಮ್ಮ ಹನ್ನೆರಡು ತಿಂಗಳ ಹೆಸರು ಬರೆದು ಕೊಡಿ, ಇನ್ನು ನಿಮ್ಮ ಕಡೆಯ ಅಜ್ಜಿಯಂದಿರು ಬಂದರೆ ನೋಡಿ ಕೇಳುತ್ತೇನೆ ಎಂದರು. ಮುಂದಿನ ಸಲ ಹೋದಾಗ ಆ ಕಾಗದ ಅವರ ಮೇಜಿನ ಗಾಜಿನ ಅಡಿಯಲ್ಲಿತ್ತು.

ಎರಡು ವರ್ಷ ನಾನು ದಿನಾ ತಮ್ಮಲೆಗೆ ಬಡಿಸಿದೆ. ಬಡಿಸುವಾಗ ಮೆಲ್ಲಗೆ ಒಂದೆರಡು ಮಾತೂ ಆಡತೊಡಗಿದೆ. ಇವತ್ತು ಬೂತಾಯಿ ಮೀನು ಒಳ್ಳೆದು ಸಿಕ್ಕಿದೆ ತಮ್ಮಲೆ ಎಂದು. ಬದುಕಿದ್ದಾಗ ಅಷ್ಟು ಮಾತು ಅವರೊಡನೆ ಆಡಿರಲಿಲ್ಲ. ಅಮ್ಮ ಕೂತ ಮೇಲೆ ನಾನು ಅಡುಗೆಮನೆಯಲ್ಲಿ ಗಬಗಬ ಉಂಡು ಶಾಲೆಗೆ ಓಡುತ್ತಿದ್ದೆ. ನಾನು ಹೋದ ಮೇಲೆ ಮನೆಯಲ್ಲಿ ಏನಾಗುತ್ತದೆ ಎಂದು ನೋಡಿದವನಲ್ಲ.

ಒಂದು ದಿನ ಶಾಲೆಗೆ ಇನ್‌ಸ್ಪೆಕ್ಟರು ಬಂದರು, ಹೆಡ್‌ಮಾಸ್ಟರು ಯಾರನ್ನೂ ಹೊರಗೆ ಬಿಡಲಿಲ್ಲ. ಬಿಟ್ಟ ಕೂಡಲೇ ಓಡಿ ಬಂದೆ, ಆಗ ನಾಲ್ಕು ದಾಟಿತ್ತು. ಇಬ್ಬರೂ ಜಗಲಿಯಲ್ಲಿ ಅಕ್ಕಪಕ್ಕ ಕೂತಿದ್ದರು. ಹೆಂಡತಿಯ ಮುಖ ಬಾಡಿತ್ತು. ಅಡುಗೆಮನೆಯಲ್ಲಿ ಅನ್ನದ ಪಾತ್ರೆಗೆ ಸೌಟು ಹಾಕಿರಲೇ ಇಲ್ಲ. ನೀನಾದರೂ ಉಣ್ಣಬಹುದಿತ್ತಲ್ಲ ಎಂದು ನಾನು ರೇಗಿದೆ.

ಮನೆಯ ಯಜಮಾನ ಉಣ್ಣದೆ ಹೇಗೆ ಎಂದಳು. ಅಷ್ಟು ಹಸಿವೆಯಲ್ಲೂ ಅವಳಿಗೆ ನಗು ಬಂತು. ನೀವಲ್ಲ, ನಿಮ್ಮ ತಮ್ಮಲೆ ಎಂದಳು.

ಆವತ್ತು ನನಗೆ ತಿಳಿಯಿತು. ತಮ್ಮಲೆ, ಆಮೇಲೆ ಅಮ್ಮ, ಆಮೇಲೆ ನಾನು. ಅಮ್ಮ ಒಂದೊಂದು ಅಗುಳನ್ನೂ ಹೆಕ್ಕಿ ಉಣ್ಣುವವರು, ಅವರ ಊಟ ಮುಗಿಯುವಾಗ ಮೂರು ಗಂಟೆ. ಅವರ ಕೈ ಬಾಯಿ ತೊಳೆಸಿ, ಸೀರೆ ಬದಲಾಯಿಸಿ, ಮಲಗಿಸಿ, ಪಾತ್ರೆಯ ಅಡಿಯ ತಣ್ಣಗಿನ ಅನ್ನವನ್ನು ಅವಳು ಒಬ್ಬಳೇ ಉಣ್ಣುತ್ತಿದ್ದಳು. ಅವಳ ಊಟದ ಹೊತ್ತು ಯಾವುದು ಎಂದು ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಕೇಳಿರಲಿಲ್ಲ. ಆಡುವ ಮಾತಿನ ಬಗ್ಗೆ ಅಷ್ಟು ಅಹಂಕಾರ ಇದ್ದವನಿಗೆ ಈ ಒಂದು ಮಾತು ಬಾಯಿಗೆ ಬಂದಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅವಸರದಲ್ಲಿ ಎಲೆ ಹಾಕಿದೆ, ಕರೆದೆ, ಕಾದೆವು, ಬಾಗಿಲು ತಟ್ಟಿ ತೆರೆದೆ. ಅಮ್ಮ ಎದ್ದು ಎಲೆಯವರೆಗೆ ಹೋದರು. ಕೂರಲಿಲ್ಲ. ತಿರುಗಿ ನನ್ನ ಹೆಂಡತಿಯ ಮುಖವನ್ನು ನೋಡಿದರು, ಕೆಲಸದವಳನ್ನು ನೋಡುವ ಹಾಗಲ್ಲ.

"ನಿನ್ನ ವಣಸ್ ಆಂಡಾ?"

ಅಣ್ಣನ ಬಗ್ಗೆಯಲ್ಲದೆ ಬೇರೆ ಯಾರ ಬಗ್ಗೆಯೂ ಅವರು ಆ ಮಾತು ಕೇಳಿದ್ದನ್ನು ನಾನು ಕಂಡಿರಲಿಲ್ಲ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಮ್ಮ ಅವಳ ಕೈ ಹಿಡಿದು ಎಲೆಯ ಒಂದು ಬದಿಗೆ ಕೂರಿಸಿದರು, ಇನ್ನೊಂದು ಬದಿಗೆ ತಾವು ಕೂತರು. ತಮ್ಮಲೆಯ ಎಲೆಯಲ್ಲಿ ಅತ್ತೆ ಸೊಸೆ ಇಬ್ಬರೂ ಉಂಡರು. ಮರುದಿನ ಅಮ್ಮನಿಗೆ ಅದು ನೆನಪಿರಲಿಲ್ಲ. ಹೆಂಡತಿಗೆ ಇದೆ, ನನಗೂ ಇದೆ.

ಅಮ್ಮ ಹೋದದ್ದು ಮರುವರ್ಷದ ಬೇಸಗೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಆ ವರ್ಷ ಮಾರ್ನೆಮಿಗೆ ಅವರಿಗೆ ಮೊದಲ ಸಲ ಎಲೆ ಹಾಕುವುದು. ಕುಟುಂಬದವರೆಲ್ಲ ಸುರತ್ಕಲ್ಲಿನ ಅಕ್ಕನ ಮನೆಯಲ್ಲಿ ಸೇರಿದ್ದರು. ಹೊಸದಾಗಿ ಹೋದವರು ಎಂದು ಅಕ್ಕ ಅಮ್ಮನ ಎಲೆಗೆ ಮೊದಲು ಬಡಿಸಲು ಸೌಟು ಎತ್ತಿದಳು. ಬೇರೆ ಬರಿಯವಳಾದ್ದರಿಂದ ಬಾಗಿಲ ಹೊರಗೆ ನಿಂತಿದ್ದ ನನ್ನ ಹೆಂಡತಿ ಅಲ್ಲಿಂದಲೇ ತಡೆದಳು.

"ಅಕ್ಕ, ತಮ್ಮಲೆಯ ಎಲೆಗೆ ಮೊದಲು ಹಾಕಿ. ಇಲ್ಲದಿದ್ದರೆ ಮಾಮಿ ಉಣ್ಣುವುದಿಲ್ಲ."

ಅಕ್ಕನ ಕೈಯ ಸೌಟು ಹಾಗೇ ನಿಂತಿತ್ತು. ಕ್ರಮದ ವಿಷಯದಲ್ಲಿ ಅವಳು ನನಗಿಂತ ಹಟದವಳು. ಅವಳು ಬಾಗಿಲಿಗೆ ಬಂದು ಸೌಟನ್ನು ನನ್ನ ಹೆಂಡತಿಯ ಕೈಗೆ ಕೊಟ್ಟಳು.

"ನೀನೇ ಬಡಿಸು. ನಾವು ಕರೆದರೆ ಅಮ್ಮ ಬರ್ಲಿಕ್ಕಿಲ್ಲ."

ಯಾವ ಹಿರಿಯರೂ ಎದುರು ಮಾತಾಡಲಿಲ್ಲ. ನಾನು ತಮ್ಮಲೆಯ ಎಲೆಗೆ ಬಡಿಸಿ ಕರೆದೆ. ಅವಳು ಅಮ್ಮನ ಎಲೆಗೆ ಬಡಿಸಿದಳು, ತನ್ನ ಊರಿನ ಹುಳಿ ಜಾಸ್ತಿಯ ಮೀನು ಸಾರನ್ನೇ ಬಡಿಸಿದಳು, ಮಾಮಿ, ಅಣ್ಣನ ಊಟ ಆಗ್ತಾ ಉಂಟು, ನೀವೂ ಬನ್ನಿ ಎಂದು ಕರೆದಳು. ಬಾಗಿಲು ಎಳೆದು ಹೊರಗೆ ಬಂದು ಕಾದೆವು.

ತೆರೆದ ಮೇಲೆ ಎಂದಿನಂತೆ ಗಂಡಸರಿಗೆ ಮುಂದಿನ ಕೋಣೆಯಲ್ಲಿ ಎಲೆ ಬಿತ್ತು. ನನ್ನನ್ನು ಕರೆದರು. ನಾನು ಅಡುಗೆಮನೆಗೆ ಹೋಗಿ ಮಣೆ ಹಾಕಿ, ಎಲೆ ಇಟ್ಟು, ಹೆಂಡತಿಯನ್ನು ಕೂರಿಸಿದೆ. ನಿಮಗೆ ಮಂಡೆ ಸಮ ಉಂಟಾ, ಎಲ್ಲರೂ ನೋಡ್ತಾರೆ ಎಂದು ಅವಳು ಪಿಸುಗುಟ್ಟಿದಳು. ನೋಡಲಿ ಎಂದೆ. ದಾಯಾದಿಯೊಬ್ಬರು ಬಾಗಿಲಲ್ಲಿ ಇಣುಕಿ, ಎಂತ ಮಾರಾಯ, ಮೇಷ್ಟ್ರು ಬಡಿಸ್ಲಿಕ್ಕೆ ನಿಂತದ್ದಾ, ಬಾ ಊಟಕ್ಕೆ ಎಂದರು.

ಅವಳ ಊಟ ಆಗಲಿ ಎಂದೆ. ಅವಳು ಉಂಡು ಕೈ ತೊಳೆದ ಮೇಲೆ ನಾನು ಕೂತೆ.